ಕಾಳು ಮುಗಿಯುವ ಸದ್ದು

ಒಂದು ಕಡೆ ಕೂತು ನನಗೆ ಗೊತ್ತಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದೆ. ಅಷ್ಟೂ ವರ್ಷ ಕುರ್ಚಿ ನನ್ನ ಕೈಚೀಲ ಇಡುವುದಕ್ಕೆ ಮಾತ್ರ ಉಪಯೋಗವಾಯಿತು. ಹಗಲು ಹೊತ್ತಿನಲ್ಲಿ ತೂಕಡಿಸುವವರನ್ನು ಕಂಡರೆ ನನಗೆ ಆಗ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚುವ ಹುಡುಗರಿಗೆ ಸೀಮೆಸುಣ್ಣ ಎಸೆದು ಎಸೆದು ನನ್ನ ಗುರಿ ಚೆನ್ನಾಗಿ ಪಳಗಿತ್ತು. ನಿವೃತ್ತಿಯಾಗಿ ಮನೆಗೆ ಬಂದು ನೋಡಿದರೆ ಮನೆಯ ಮುಂದಿನ ಗಿರಣಿಯಲ್ಲೇ ಒಬ್ಬರು ತೂಕಡಿಸುತ್ತ ಕೂತಿದ್ದರು. ಅವರಿಗೆ ಸೀಮೆಸುಣ್ಣ ಎಸೆಯುವ ಹಾಗಿರಲಿಲ್ಲ. ಅವರು ನನ್ನ ಗಂಡ.

ಮದುವೆಯಲ್ಲಿ ಒಡಪು ಹಾಕಿ, ಪದ್ಯದಲ್ಲಿ ಸೇರಿಸಿ ಹೇಳುವುದೊಂದನ್ನು ಬಿಟ್ಟರೆ ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಎಷ್ಟೋ ರೂಢಿಗಳನ್ನು ಬಿಟ್ಟಿದ್ದೇನೆ, ಇದೊಂದನ್ನು ಬಿಟ್ಟಿಲ್ಲ. ಇಲ್ಲಿಯೂ ಅವರು ಬರೀ ‘ಅವರು’. ಅವರು ನನ್ನನ್ನು ‘ಅಕ್ಕೋರ’ ಎಂದು ಕರೆಯುತ್ತಾರೆ. ಊರವರೆಲ್ಲ ಶಾಲೆಯ ಶಿಕ್ಷಕಿಯನ್ನು ಹಾಗೆಯೇ ಕರೆಯುವುದು. ಆದರೆ ಇವರು ಗೌರವಕ್ಕೆ ಕರೆಯುತ್ತಾರೋ ಚೇಷ್ಟೆಗೋ, ಇಷ್ಟು ವರ್ಷ ಸಂಸಾರ ಮಾಡಿದರೂ ನನಗೆ ತಿಳಿದಿಲ್ಲ.

ಯಲಬುರ್ಗಾದಲ್ಲಿ ನಮ್ಮದು ಹಳೆಯ ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದೇ ಗೋಡೆ. ಮೇಲೆ ಕಾಳು ಸುರಿಯುವ ಅಗಲ ಬಾಯಿಯ ತಗಡಿನ ಡಬ್ಬ. ಅದರ ಕೆಳಗೆ ಎರಡು ಕಲ್ಲು. ಪಕ್ಕದಲ್ಲಿ ಮೋಟರು, ಮೋಟರಿನಿಂದ ಕಲ್ಲಿಗೆ ಹೋಗುವ ಬೆಲ್ಟು. ಡಬ್ಬದಲ್ಲಿ ಕಾಳು ಮುಗಿಯುವ ಹೊತ್ತಿಗೆ ಸರಿಯಾಗಿ ಪಕ್ಕದ ಚಕ್ರ ತಿರುಗಿಸಿ ಕಲ್ಲುಗಳನ್ನು ಒಂದರಿಂದೊಂದು ಬಿಡಿಸಬೇಕು. ತಡವಾದರೆ ಬರಿಗಲ್ಲು ಬರಿಗಲ್ಲನ್ನು ತಿನ್ನುತ್ತದೆ, ಕಿಡಿ ಬರುತ್ತದೆ, ಮುಂದಿನವರ ಹಿಟ್ಟಿನಲ್ಲಿ ಹರಳು ಸಿಗುತ್ತದೆ. ಹರಳು ಸಿಕ್ಕ ರೊಟ್ಟಿಯನ್ನು ಒಬ್ಬ ಮಾವ ತಿಂದರೆ ಸಾಕು, ಸೊಸೆ ಮರುದಿನ ಬೇರೆ ಗಿರಣಿ ಹುಡುಕುತ್ತಾಳೆ.

ಇದಕ್ಕೆ ಅವರು ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಕಾಳು ಸುರಿದ ಮೇಲೆ ಸ್ಟೂಲಿನ ಮೇಲೆ ಕೂತು, ಎಡಗೈಯನ್ನು ಡಬ್ಬದ ಅಂಚಿಗೆ ಇಟ್ಟು, ಗೋಡೆಗೆ ತಲೆ ಕೊಡುವುದು. ಕಾಳು ತುಂಬಿದ್ದಾಗ ಡಬ್ಬ ಒಂದು ಥರ ನಡುಗುತ್ತದೆ, ಖಾಲಿಯಾಗುತ್ತ ಬಂದ ಹಾಗೆ ಇನ್ನೊಂದು ಥರ. ಗಿರಣಿಯ ಸದ್ದೂ ಮಂದ್ರದಿಂದ ಮೇಲಕ್ಕೆ ಏರುತ್ತದೆ. ಕೈಗೆ ಅದು ತಿಳಿದ ಕೂಡಲೇ ಕಣ್ಣು ಬಿಟ್ಟು ಚಕ್ರ ತಿರುಗಿಸುತ್ತಿದ್ದರು. ಹೀಗೆ ನಡುನಡುವೆ ಕಣ್ಣು ಮುಚ್ಚಿಯೇ ಅವರು ಈ ಊರಿನ ಅರ್ಧ ಮನೆಗಳಿಗೆ ಹಿಟ್ಟು ಬೀಸಿಕೊಟ್ಟಿದ್ದಾರೆ. ಕೇಳಿದರೆ ಒಂದೇ ಉತ್ತರ.

“ನಿದ್ದಿ ಅಲ್ಲದು. ಕಣ್ಣ ಮುಚ್ಚಿದ್ದೆ ಅಷ್ಟ. ಎಚ್ಚರ ಇದ್ದೆ.”

ನಾನು ಶಾಲೆಯಲ್ಲಿದ್ದಷ್ಟು ವರ್ಷ ಇದನ್ನು ನಂಬಿದ್ದೆ, ಯಾಕೆಂದರೆ ನಾನು ಹಗಲು ಮನೆಯಲ್ಲಿ ಇರುತ್ತಿರಲಿಲ್ಲ.

ಹೋದ ವರ್ಷ ಬೇಸಿಗೆಯ ಒಂದು ಬೆಳಿಗ್ಗೆ ಒಲೆಯ ಮುಂದೆ ಇದ್ದೆ. ಗಿರಣಿಯ ಸದ್ದು ಏರಿತು. ಈಗ ಚಕ್ರ ತಿರುಗಿಸುತ್ತಾರೆ ಎಂದುಕೊಂಡೆ. ಸದ್ದು ಇನ್ನೂ ಏರಿತು, ಕೀರಲು ಆಯಿತು, ಆಮೇಲೆ ಸುಟ್ಟ ವಾಸನೆ ಒಳಗೆ ಬಂತು. ಹಿಟ್ಟು ಮೆತ್ತಿದ ಕೈಯಲ್ಲೇ ಓಡಿದೆ. ಅವರು ಗೋಡೆಗೆ ಒರಗಿ, ಬಾಯಿ ತುಸು ತೆರೆದು ಮಲಗಿದ್ದರು. ಕಲ್ಲಿನ ಸಂದಿಯಿಂದ ಕಿಡಿ ಬರುತ್ತಿತ್ತು. ಡಬ್ಬದ ಮೇಲಿದ್ದ ಕೈ ಜಾರಿ ಕೆಳಗೆ ಇಳಿಬಿದ್ದಿತ್ತು. ಅದರ ಬೆರಳುಗಳಿಗೂ ಓಡುವ ಬೆಲ್ಟಿಗೂ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಬೆಲ್ಟಿಗೆ ಮುಚ್ಚಿದ್ದ ಜಾಲರಿಯನ್ನು ಅವರು ಎಂದೋ ರಿಪೇರಿಗೆಂದು ಬಿಚ್ಚಿದವರು ಮತ್ತೆ ಕೂಡಿಸಿರಲಿಲ್ಲ. ನಾನು ಮೊದಲು ಮೇನ್ ಸ್ವಿಚ್ ಇಳಿಸಿದೆ, ಆಮೇಲೆ ಕೂಗಿದೆ.

“ಕಾಳ ಮುಗದು ಎಷ್ಟೊತ್ತಾತು! ವಾಸನಿರ ಬರ್ಲಿಲ್ಲೇನ್ರಿ ಮೂಗಿಗೆ?”

ಅವರು ಕಣ್ಣು ಬಿಟ್ಟು ನನ್ನನ್ನು ನೋಡಿದರು, ಕಲ್ಲನ್ನು ನೋಡಿದರು, ಒಮ್ಮೆ ಸೀನಿದರು. “ಮೂಗು ಕಟ್ಟೇತಿ,” ಎಂದರು. “ಒಮ್ಮಿ ಆತು ಬಿಡು. ಅದಕ್ಯಾಕ ಇಷ್ಟು ಒದರ್ತಿ? ಎಚ್ಚರ ಇದ್ದೆ ನಾ.”

ಅಂದಿನಿಂದ ನನ್ನ ಹಗಲುಗಳು ಕೆಟ್ಟವು. ರೊಟ್ಟಿ ತಟ್ಟುತ್ತ ಕಿವಿಯನ್ನು ಗೋಡೆಯ ಕಡೆ ಇಟ್ಟಿರುತ್ತಿದ್ದೆ. ಸದ್ದು ಸ್ವಲ್ಪ ಏರಿದರೆ ಸಾಕು, ಎದ್ದು ಓಡುತ್ತಿದ್ದೆ. ಅವರು ಎಚ್ಚರ ಇದ್ದರೆ “ಏನ ಬೇಕಾಗಿತ್ತು ಅಕ್ಕೋರ?” ಎನ್ನುತ್ತಿದ್ದರು. ಏನೂ ಬೇಡ ಎಂದು ಒಳಗೆ ಬಂದರೆ ತವೆಯ ಮೇಲೆ ರೊಟ್ಟಿ ಕರಕಲಾಗಿರುತ್ತಿತ್ತು. ಮಲಗಿದ್ದರೆ ಕೆಮ್ಮಿ ಎಬ್ಬಿಸುತ್ತಿದ್ದೆ. ಬಟ್ಟೆ ಒಗೆಯುವುದಕ್ಕೆ ಹಿತ್ತಲಿಗೆ ಹೋಗಲು ಧೈರ್ಯವಿಲ್ಲ. ಅಂಗಡಿಗೆ ಹೋದರೆ ಅರ್ಧ ದಾರಿಯಲ್ಲಿ ಆ ಇಳಿಬಿದ್ದ ಕೈ ಕಣ್ಣಿಗೆ ಕಟ್ಟಿ, ಉಪ್ಪು ಬಿಟ್ಟು ಸಕ್ಕರೆ ತಂದದ್ದೂ ಉಂಟು. ಜಾಲರಿ ಕೂಡಿಸಿರಿ ಎಂದರೆ ನಾಳೆ. ಡಾಕ್ಟರಿಗೆ ತೋರಿಸೋಣ ಎಂದರೆ ಯಾಕೆ. ಗಂಗಾವತಿಗೆ ಕೊಟ್ಟ ಮಗಳಿಗೆ ಫೋನ್ ಮಾಡಿದೆ. ಅವಳು ನಕ್ಕಳು.

“ಅಪ್ಪಗ ವಯಸ್ಸಾಗೇತಬೇ. ಒಂದೀಟು ಜೋಂಪು ಹತ್ತಿದ್ರ ಏನಾತು? ನೀ ಸುಮ್ನ ಜೀವಕ್ಕ ಹಚ್ಕೊಂಡು ಬಡ್ಕೋಬ್ಯಾಡ.”

ಬೆಲ್ಟಿನ ಮಾತನ್ನು ಅವಳಿಗೆ ಹೇಳಲಿಲ್ಲ. ಹೇಳಿದರೆ ಅವಳು ಮರುದಿನವೇ ಬಂದು ಗಿರಣಿಗೆ ಬೀಗ ಹಾಕಿಸುತ್ತಿದ್ದಳು. ಗಿರಣಿ ಬಿಟ್ಟರೆ ಇವರು ಮನುಷ್ಯರಾಗಿ ಉಳಿಯುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಕರೆಂಟು ಹೋದ ದಿನ ಅವರ ಮುಖ ನೋಡಿದವಳು ನಾನು. ಕೈಯೂ ಉಳಿಯಬೇಕು, ಗಿರಣಿಯೂ ಉಳಿಯಬೇಕು. ಇದು ನನ್ನ ಹಟ.

ಅಷ್ಟರಲ್ಲಿ ಊರಿಗೆ ಆ ಶಿಬಿರ ಬಂತು. ಅರವತ್ತು ದಾಟಿದವರು ಹಗಲು ಎಷ್ಟು ತೂಕಡಿಸುತ್ತಾರೆ ಎಂದು ಅಳೆಯುತ್ತಾರಂತೆ. ಕೊಪ್ಪಳದಿಂದ ಬಂದ ಡಾಕ್ಟರ್ ಹುಡುಗಿ ಸಮುದಾಯ ಭವನದಲ್ಲಿ ಮೇಜು ಹಾಕಿಕೊಂಡು ಕೂತಿದ್ದಳು. ನಿದ್ದೆ ಅಳೆಯುತ್ತಾರೆ ಎನ್ನುವ ಮಾತಿಗೆ ಊರು ನಕ್ಕಿತು. ನಾನು ನಗಲಿಲ್ಲ. ಬಿ.ಪಿ. ನೋಡುತ್ತಾರೆ ಎಂದು ಸುಳ್ಳು ಹೇಳಿ ಇವರನ್ನು ಎಳೆದುಕೊಂಡು ಹೋದೆ.

ಸಾಲಿನಲ್ಲಿ ನಮ್ಮ ಮುಂದೆ ಓಣಿಯ ದರ್ಜಿ ಚಾಚಾ ಇದ್ದರು. ಮಷಿನಿನ ಮುಂದೆ ಕೂತಾಗ ಜೋಂಪು ಹತ್ತುತ್ತದೆಯೇ ಎಂದು ಹುಡುಗಿ ಕೇಳಿದಳು. “ಅಯ್ಯೋ ಬೇಟಿ, ನಿದ್ದಿ ಮಾಡಿದ್ರ ಸೂಜಿ ಬೆರಳಾಗ ಹೋಗ್ತೈತಲ್ಲ!” ಎಂದು ಅವರು ಜೋರಾಗಿ ನಕ್ಕರು. ಅವರ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಹುಡುಗಿ ಸೊನ್ನೆ ಬರೆದುಕೊಂಡಳು.

ಆಮೇಲೆ ಇವರ ಸರದಿ.

“ಅಜ್ಜಾರ, ಊಟ ಆಗಿ ಸುಮ್ನ ಕುಂತಾಗ ಕಣ್ಣಿಗೆ ನಿದ್ದಿ ಬರ್ತೈತೇನ್ರಿ?”

“ಇಲ್ರಿ.”

“ಟಿವಿ ನೋಡ್ಕೋತ ಕುಂತಾಗ?”

“ನೋಡೂದ ಇಲ್ರಿ. ಅದನ್ನ ನೋಡಾಕಿ ಇಕಿ.”

“ಬಸ್ಸಿನ್ಯಾಗ ಹೋಗುವಾಗ?”

“ಬಸ್ಸಿನ್ಯಾಗ ಮಕ್ಕೊಂಡ್ರ ಊರು ದಾಟಿ ಹೋಗ್ತೈತ್ರಿ.”

“ಕೆಲಸ ಮಾಡುವಾಗ?”

ಅವರು ಬೆನ್ನು ನೆಟ್ಟಗೆ ಮಾಡಿದರು. “ಹಾಡಹಗಲ ಯಾರ ಮಕ್ಕೋತಾರ್ರಿ? ಕೈಲಾಗದವ್ರು.”

ಹಿಂದಿನ ಸಾಲಿನಲ್ಲಿ ಹೌದು ಹೌದು ಎಂದು ಮುದುಕರೆಲ್ಲ ತಲೆಯಾಡಿಸಿದರು. ಅವರಲ್ಲಿ ಒಬ್ಬರು ಆಗಷ್ಟೇ ಗೋಡೆಗೆ ಒರಗಿ ಗೊರಕೆ ಹೊಡೆದದ್ದನ್ನು ನಾನೇ ಕೇಳಿದ್ದೆ. ನಮ್ಮ ಕಡೆ ಹಗಲು ಮಲಗುತ್ತೇನೆ ಎಂದು ಹಿರಿಯರ ಬಾಯಲ್ಲಿ ಹೇಳಿಸುವುದು ಕಳ್ಳತನ ಒಪ್ಪಿಸುವುದಕ್ಕಿಂತ ಕಷ್ಟ. ಹುಡುಗಿಗೂ ಅದು ಅಷ್ಟರಲ್ಲಿ ತಿಳಿದಿತ್ತೇನೋ. ಅವಳು ನನ್ನ ಕಡೆ ತಿರುಗಿದಳು.

“ಅಮ್ಮಾರ, ನೀವ ಹೇಳ್ರಿ. ನೀವು ನೋಡಿರ್ತೀರಲ್ಲ.”

ಸಾಲಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಅರ್ಧ ಜನ ನಮ್ಮ ಗಿರಣಿಯ ಗಿರಾಕಿಗಳು. ಇವರು ಮಾತ್ರ ನನ್ನ ಕಡೆ ನೋಡಲೇ ಇಲ್ಲ. ಎದುರಿನ ಗೋಡೆಯನ್ನು ನೋಡುತ್ತ ಅಂಗಿಯ ಮೇಲಿನ ಹಿಟ್ಟು ಕೊಡವಿಕೊಂಡರು. ನಾಲಿಗೆಯ ತುದಿಗೆ ಬಂದದ್ದು ಹಾಗೇ ಉಳಿಯಿತು. ನಾಲ್ಕು ಜನರ ಮುಂದೆ ಗಂಡನ ಮಾನ ತೆಗೆಯುವುದು ನನ್ನಂಥ ಬಾಯಿಬಡುಕಿಗೂ ಆಗದ ಕೆಲಸವೆಂದು ಅಂದು ಗೊತ್ತಾಯಿತು.

“ನಾ ಅಡಿಗಿ ಮನ್ಯಾಗ ಇರ್ತೀನ್ರಿ,” ಎಂದೆ.

ಹುಡುಗಿ ಒತ್ತಾಯ ಮಾಡಲಿಲ್ಲ. ಒಂದು ಕಪ್ಪು ಕೈಪಟ್ಟಿ ತೆಗೆದು ಇವರ ಎಡಗೈಗೆ ಕಟ್ಟಿದಳು. ಗಡಿಯಾರದಂತೆ ಇತ್ತು, ಆದರೆ ಮುಳ್ಳಿಲ್ಲ, ಅಂಕಿಯಿಲ್ಲ. “ಕೈ ಅಲುಗಾಡಿದ್ದನ್ನೆಲ್ಲ ಇದು ಬರ್ಕೋತೈತ್ರಿ ಅಜ್ಜಾರ. ಭಾಳ ಹೊತ್ತು ಅಲುಗಾಡ್ಲಿಲ್ಲ ಅಂದ್ರ ಮಕ್ಕೊಂಡಾರ ಅಂತ ತಿಳ್ಕೋತೈತಿ. ಎರಡು ವಾರ ಕಟ್ಕೊಂಡಿರ್ರಿ, ನಡುವ ಒಮ್ಮಿ ಬಂದು ನೋಡ್ತೀನಿ. ಕಳೀಬ್ಯಾಡ್ರಿ ಮತ್ತ.”

ನನಗೆ ಹಾಯೆನಿಸಿತು. ನನ್ನ ಬಾಯಿಂದ ಬರದದ್ದನ್ನು ಈ ಪಟ್ಟಿ ಹೇಳುತ್ತದೆ. ಆ ವಾರ ಅವರು ಗೋಡೆಗೆ ಒರಗಿ ಮಲಗಿದಾಗ ನನಗೆ ಸಿಟ್ಟೂ ಬರಲಿಲ್ಲ. ಮಲಗಿರಿ, ಚೆನ್ನಾಗಿ ಮಲಗಿರಿ, ಪಟ್ಟಿ ನೋಡುತ್ತಿದೆ ಎಂದುಕೊಂಡು ಬಾಗಿಲ ಬಳಿ ಸೊಪ್ಪು ಬಿಡಿಸುತ್ತ, ಬೆಲ್ಟಿನ ಮೇಲೆ ಒಂದು ಕಣ್ಣಿಟ್ಟು ಕೂರುತ್ತಿದ್ದೆ. ಕಲ್ಲು ಬಿಡಿಸುವ ಹೊತ್ತಿಗೆ ಒಂದೊಂದು ದಿನ ಅವರೇ ಏಳುತ್ತಿದ್ದರು, ಒಂದೊಂದು ದಿನ ನಾನು ಎಬ್ಬಿಸುತ್ತಿದ್ದೆ.

ವಾರ ಕಳೆದು ಹುಡುಗಿ ಬಂದಳು. ಪಟ್ಟಿಯನ್ನು ಕಂಪ್ಯೂಟರಿಗೆ ಜೋಡಿಸಿ ನೋಡಿದಳು. ಅವಳ ಮುಖ ಅರಳಿತು.

“ಅಜ್ಜಾರದು ಭಾರಿ ಐತ್ರಿ! ಮುಂಜಾನಿ ಗಿರಣ್ಯಾಗ ಕುಂತಾಗಿಂದ ಊಟದ ಹೊತ್ತಿನ ತನ ಒಂದ ಜೋಂಪೂ ಇಲ್ಲ. ಎಳೇ ಹುಡುಗ್ರದೂ ಹಿಂಗ ಇರಂಗಿಲ್ಲ.”

ಅವರು ನನ್ನ ಕಡೆ ತಿರುಗಿದ ರೀತಿ ನೋಡಬೇಕಿತ್ತು. ಭವನದ ಮೆಟ್ಟಿಲು ಇಳಿಯುವಾಗಲೇ ಚಾಚಾನಿಗೆ ಹೇಳಿದರು. ಸಂಜೆಯ ಹೊತ್ತಿಗೆ ಚಹಾದಂಗಡಿಗೆ ಗೊತ್ತಾಯಿತು. ಮರುದಿನ ಹಿಟ್ಟಿಗೆ ಬಂದ ಹೆಂಗಸರಿಗೆಲ್ಲ ಕೈ ಎತ್ತಿ ತೋರಿಸಿದರು. “ಮಷಿನ್ ಹೇಳೇತಿ ನೋಡವಾ, ನಾ ಹೇಳಿಲ್ಲ. ಮನ್ಯಾಗ ಕೆಲವ್ರು ನನ್ನ ಮಕ್ಕೋತೀನಿ ಅಂತಾರ.” ಹೆಂಗಸರು ನನ್ನ ಕಡೆ ನೋಡಿ ಸೆರಗಿನಲ್ಲಿ ನಕ್ಕರು. ನನ್ನ ಮೈ ಉರಿದುಹೋಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ನನ್ನ ಕಣ್ಣೇ ಸುಳ್ಳೋ? ಸಿಟ್ಟಿನಲ್ಲಿ ನಾನೇ ಇಲ್ಲದ್ದನ್ನು ಕಾಣುತ್ತಿದ್ದೇನೋ? ಹಾಗಾದರೆ ಆ ಕಿಡಿ ಏನು, ಆ ವಾಸನೆ ಏನು? ಎರಡು ದಿನ ಊಟ ರುಚಿಸಲಿಲ್ಲ. ಒಳಗೆ ಹೊರಗೆ ತಿರುಗಿ ತಿರುಗಿ ಕಾಲು ನೋವು ಬಂತು. ಈಗ ಇವರು ನನ್ನ ಮಾತನ್ನು ಎಂದೆಂದಿಗೂ ಕೇಳುವುದಿಲ್ಲ ಎನ್ನುವುದು ಮಾತ್ರ ಖಚಿತವಾಗಿತ್ತು.

ಮೂರನೆಯ ದಿನ ಅವರು ನೀರು ಕುಡಿಯಲು ಒಳಗೆ ಹೋದರು. ಡಬ್ಬದಲ್ಲಿ ಜೋಳ ಇನ್ನೂ ಇತ್ತು. ನಾನು ಸ್ಟೂಲಿನ ಮೇಲೆ ಕೂತು ಅವರ ಹಾಗೆಯೇ ಡಬ್ಬದ ಅಂಚಿಗೆ ಕೈ ಇಟ್ಟೆ. ಗಿರಣಿಯ ಗದ್ದಲದ ನಡುವೆಯೂ ಒಂದು ಸಣ್ಣ ಸದ್ದು ಕಿವಿಗೆ ಬಿತ್ತು. ನೋಡಿದರೆ ನನ್ನ ಬಳೆಗಳು. ಕೈಯನ್ನು ನಾನು ಅಲುಗಾಡಿಸಿರಲಿಲ್ಲ, ಡಬ್ಬದ ಮೇಲೆ ಸುಮ್ಮನೆ ಇಟ್ಟಿದ್ದೆ. ಆದರೂ ಹಸಿರು ಬಳೆಗಳು ಒಂದಕ್ಕೊಂದು ಬಡಿದು ಕಿಣಿಕಿಣಿ ಎನ್ನುತ್ತಿದ್ದವು. ಕೈ ಎತ್ತಿದೆ, ನಿಂತವು. ಇಟ್ಟೆ, ಮತ್ತೆ ಶುರುವಾದವು.

ಎದ್ದು ನಿಂತುಬಿಟ್ಟೆ. ಪಟ್ಟಿ ಬರೆದುಕೊಂಡಿದ್ದು ಗಿರಣಿಯ ನಡುಕವನ್ನು! ಇವರು ಎಷ್ಟು ಗಾಢವಾಗಿ ಮಲಗಿದರೂ ಡಬ್ಬದ ಮೇಲಿನ ಕೈ ನಡುಗುತ್ತಲೇ ಇತ್ತು.

ಅವರಿಗೆ ಆ ಕ್ಷಣವೇ ಹೇಳಬಹುದಿತ್ತು. ಹೇಳಿದ್ದರೆ ‘ನಿನಗ ಹೊಟ್ಟಿಕಿಚ್ಚು’ ಎನ್ನುತ್ತಿದ್ದರು. ನನಗೆ ವಾದ ಬೇಕಿರಲಿಲ್ಲ, ಸಾಕ್ಷಿ ಬೇಕಿತ್ತು. ಅದು ತಾನಾಗಿಯೇ ಒದಗಿ ಬಂತು. ಕುಷ್ಟಗಿಯಲ್ಲಿ ನನ್ನ ನಾದಿನಿ ಹೊಸ ಮನೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆ ಇಬ್ಬರೂ ಹೋಗಬೇಕಿತ್ತು, ಆದರೆ ಗಿರಾಕಿಗಳ ಡಬ್ಬಿಗಳು ಸಾಲುಗಟ್ಟಿದ್ದವು. ಅಣ್ಣ ಹೋಗದಿದ್ದರೆ ಆಕೆ ಮುನಿಸಿಕೊಳ್ಳುತ್ತಾಳೆ, ನಾನು ಹೋಗದಿದ್ದರೆ ಸಂತೋಷಪಡುತ್ತಾಳೆ. ನಾನು ಉಳಿದೆ. ಹೊರಡುವಾಗ ಅವರು ಪಟ್ಟಿ ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿದರು.

“ಬಸ್ಸಿನ ಗದ್ದಲದಾಗ ಕಳದು ಕಿಳದೀತು. ಆ ಹುಡುಗಿ ನನ್ನ ಕೇಳ್ತಾಳ.”

ಬಸ್ಸು ಹೋದ ಸದ್ದು ಕೇಳಿದ ಮೇಲೆ ಹಳೆಯ ಸೀರೆಯ ಅಂಚು ಹರಿದು ಪಟ್ಟಿಯನ್ನು ಡಬ್ಬದ ಅಂಚಿಗೆ ಬಿಗಿದು ಕಟ್ಟಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಲ್ಟಿನ ಕಡೆ ಹೋಗದೆ, ಇಡೀ ಬೆಳಿಗ್ಗೆ ನಾನೇ ಬೀಸಿದೆ. ಏನಿದು ಅಕ್ಕೋರ ಎಂದು ಒಬ್ಬಿಬ್ಬರು ಕೇಳಿದರು. ಗಿರಣಿಗೆ ದೃಷ್ಟಿಯಾಗಿತ್ತು ಎಂದೆ. ಸಂಜೆ ಅವರು ಬರುವ ಮೊದಲು ಪಟ್ಟಿ ಮತ್ತೆ ಮೊಳೆಗೆ ಹೋಯಿತು. ಆದರೆ ನನಗೆ ಸಮಾಧಾನ ಆಗಲಿಲ್ಲ. ಗಂಡನ ಮೇಲೆ ಜಾಲ ಹಾಕಿದ ಹಾಗಾಯಿತಲ್ಲ.

ಎರಡನೆಯ ವಾರದ ಕೊನೆಗೆ ಪಟ್ಟಿಗಳನ್ನು ಕೊಪ್ಪಳಕ್ಕೇ ತಂದು ಕೊಡಲು ಹೇಳಿದ್ದರು. ಬೆಳಗಿನ ಬಸ್ಸು ಹಿಡಿದೆವು. ಊರು ದಾಟುವಷ್ಟರಲ್ಲೇ ಅವರ ತಲೆ ನನ್ನ ಹೆಗಲಿಗೆ ಬಿತ್ತು. ಕುಕನೂರಿನಲ್ಲಿ ಬಸ್ಸು ನಿಂತು, ಅರ್ಧ ಸಂತೆಯೇ ಹತ್ತಿ, ಕೋಳಿಯೊಂದು ಅವರ ಕಾಲ ಬಳಿ ಕೂಗಿದರೂ ಏಳಲಿಲ್ಲ. ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಎಬ್ಬಿಸಿದೆ. “ಬಂತೇನು? ಎಚ್ಚರ ಇದ್ದೆ,” ಎಂದರು.

ಹುಡುಗಿ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದಳು. ದಿನಕ್ಕೊಂದು ಸಾಲು, ಸಾಲಿನ ತುಂಬ ಕಪ್ಪು ಗೆರೆಗಳು. ಗೆರೆ ದಟ್ಟವಿದ್ದರೆ ಎಚ್ಚರ, ಬಿಳಿ ಇದ್ದರೆ ನಿದ್ದೆ. “ಈ ವಾರನೂ ಹಂಗ ಐತ್ರಿ ಅಜ್ಜಾರ. ಅದರಾಗ ಈ ಗುರುವಾರ ನೋಡ್ರಿ, ಎಲ್ಲಾಕ್ಕಿಂತ ಛಲೋ. ಮುಂಜಾನಿಂದ ಒಂದ ಸಮ ಎಚ್ಚರ ಅದೀರಿ.”

ಅವರು ನಗುತ್ತ ತಲೆಯಾಡಿಸುತ್ತಿದ್ದವರು ನಿಲ್ಲಿಸಿದರು.

“ಗುರುವಾರ ನಾ ಕುಷ್ಟಗಿಗೆ ಹೋಗಿದ್ನಲ್ರಿ,” ಎಂದರು. “ಪಟ್ಟಿ ಮನ್ಯಾಗ ಇತ್ತು. ಮೊಳಿಗೆ.”

ಹುಡುಗಿ ಪರದೆ ನೋಡಿದಳು, ಅವರನ್ನು ನೋಡಿದಳು. ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. ಆ ಕೋಣೆಯಲ್ಲಿ ನಾವು ಮೂವರೇ ಇದ್ದೆವು. ಸಾಲಿಲ್ಲ, ಗಿರಾಕಿಗಳಿಲ್ಲ.

“ಗಿರಣಿ ಡಬ್ಬಕ್ಕ ಕಟ್ಟಿದ್ದೆ,” ಎಂದೆ. “ಅವತ್ತು ಎಚ್ಚರ ಇದ್ದದ್ದು ಗಿರಣಿ. ದಿನಾ ಎಚ್ಚರ ಇರೂದೂ ಅದ. ಇವ್ರು ಅದರ ಮ್ಯಾಲೆ ಕೈ ಇಟ್ಟು ಮಕ್ಕೋತಾರ. ಒಮ್ಮಿ ಕಲ್ಲು ಸುಟ್ರೂ ಏಳ್ಲಿಲ್ರಿ. ಕೈ ಬೆಲ್ಟಿನ ಕಡೆ ಬಿದ್ದಿತ್ತು. ಇಷ್ಟ ಇತ್ತು ನಡುವ, ಇಷ್ಟ.” ಕೈ ಎತ್ತಿ ಬೆರಳು ಅಗಲಿಸಿ ತೋರಿಸಿದೆ.

ಹುಡುಗಿ ತನ್ನ ಹಣೆಗೆ ತಾನೇ ಹೊಡೆದುಕೊಂಡಳು. “ನನಗ ಹೊಳೀಲೇ ಇಲ್ಲ ನೋಡ್ರಿ ಅಮ್ಮಾರ. ಪಾಕೀಟಿನ ಹಿಟ್ಟು ತಿಂದು ಬೆಳದಾಕಿ ನಾ, ಗಿರಣಿ ಒಳಗ ಕಾಲ ಇಟ್ಟಿಲ್ಲ.” ಆಮೇಲೆ ಪರದೆ ಆರಿಸಿ, ಕುರ್ಚಿಯನ್ನು ಇವರ ಹತ್ತಿರ ಎಳೆದುಕೊಂಡು ಮೊದಲಿನಿಂದ ಕೇಳತೊಡಗಿದಳು. ರಾತ್ರಿ ನಿದ್ದೆ ಹೇಗೆ, ಗೊರಕೆ ಇದೆಯೇ, ಏನೇನು ಔಷಧ. ಅವರು ನೆಲ ನೋಡುತ್ತ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟರು. ಬಿ.ಪಿ. ಗುಳಿಗೆ ಬಿಟ್ಟರೆ ಬೇರೆ ಯಾವ ಔಷಧವೂ ಇಲ್ಲ ಎಂದರು. ನಾನೂ ಹೌದು ಎಂದೆ. ಅಷ್ಟು ಹೇಳಿ ಅವರು ಸೀನಿದರು, ಮತ್ತೆ ಸೀನಿದರು. ಅಂಗಿಯ ಜೇಬಿನಿಂದ ಸಣ್ಣ ಕಾಗದದ ಪೊಟ್ಟಣ ತೆಗೆದು, ಒಂದು ಗುಳಿಗೆಯನ್ನು ಬಾಯಿಗೆ ಎಸೆದುಕೊಂಡು, ಮೇಜಿನ ಮೇಲಿದ್ದ ನೀರು ಕುಡಿದರು.

“ಅದೇನ್ರಿ ಅಜ್ಜಾರ?”

“ಇದಾ? ಇದು ಔಷಧ ಅಲ್ರಿ. ಶೀನಿನ ಗುಳಗಿ.”

ಗಿರಣಿ ನಡೆಸುವವರಿಗೆ ಹಿಟ್ಟಿನ ಧೂಳು ಮೂಗಿಗೆ ಹೋಗುವುದು ಇದ್ದದ್ದೇ. ಬೀಸಲು ಕೂರುವ ಮೊದಲು ಒಂದು, ನಡುವೆ ಸೀನು ಜೋರಾದರೆ ಇನ್ನೊಂದು, ರಾತ್ರಿ ಒಂದು. ಔಷಧದ ಅಂಗಡಿಯಲ್ಲಿ ಇವರ ಮುಖ ಕಂಡರೆ ಕೇಳದೆಯೇ ಪೊಟ್ಟಣ ಕಟ್ಟುತ್ತಿದ್ದರು. ಎಷ್ಟು ವರ್ಷದಿಂದ ಎಂದರೆ ಇವರಿಗೂ ನೆನಪಿಲ್ಲ, ನನಗೂ ಇಲ್ಲ. ನಮ್ಮ ಮನೆಯಲ್ಲಿ ಅದು ಎಲೆ ಅಡಿಕೆಯ ಲೆಕ್ಕದಲ್ಲಿತ್ತು. ಶಾಲೆಯಲ್ಲಿ ಆರೋಗ್ಯದ ಪಾಠ ಮಾಡಿದವಳಿಗೂ ಅದನ್ನು ಔಷಧವೆಂದು ಹೇಳಬೇಕು ಅನಿಸಲಿಲ್ಲ.

ಹುಡುಗಿ ಪೊಟ್ಟಣ ಬಿಚ್ಚಿ ನೋಡಿ ತನ್ನ ಕಡೆ ಇಟ್ಟುಕೊಂಡಳು. “ಹರೇದಾಗ ಇದು ಲಗೂನ ಇಳಿದು ಹೋಗ್ತೈತ್ರಿ. ವಯಸ್ಸಾದ ಮ್ಯಾಲೆ ಮೈಯ್ಯಾಗ ಉಳೀತೈತಿ, ಇಡೀ ದಿನ ಮಂಪರ ಹಿಡಿಸ್ತೈತಿ. ಬಿಡ್ರಿ ಇದನ್ನ. ಮೂಗಿಗೆ ಬ್ಯಾರೆ ಕೊಡ್ತೀನಿ, ಬಟ್ಟಿ ಕಟ್ಕೊಂಡು ಕುಂದರ್ರಿ. ಆದ್ರ ನಿದ್ದಿ ಪೂರಾ ಬಿಡೂ ತನ ಗಿರಣಿ ಹತ್ರ ಹೋಗೂ ಹಂಗಿಲ್ಲ. ಇಷ್ಟಕ್ಕ ಕಡಿಮಿ ಆಗ್ಲಿಲ್ಲ ಅಂದ್ರ ರಾತ್ರಿ ನಿದ್ದೀನೂ ನೋಡೋಣ.”

ಬಸ್‌ಸ್ಟ್ಯಾಂಡಿನ ತನಕ ಅವರು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಅಂದು ಹಟಕ್ಕೆ ಬಿದ್ದವರಂತೆ ಕಣ್ಣು ಮುಚ್ಚಲಿಲ್ಲ. ಕುಕನೂರು ದಾಟಿದ ಮೇಲೆ ಮಾತಾಡಿದರು.

“ನನ್ನ ಪರೀಕ್ಷಾ ಮಾಡಿದಿ. ಸಾಲಿ ಹುಡುಗನ್ನ ಮಾಡಿದಂಗ.”

“ಹೂಂ. ಮಾಡಿದೆ.”

“ಒಂದ ಮಾತು ನನ್ನ ಕೇಳಬೇಕಾಗಿತ್ತು.”

“ಎಷ್ಟ ಸಲ ಕೇಳ್ಲಿ? ಕೇಳಿದಾಗೆಲ್ಲ ಎಚ್ಚರ ಇದ್ದೆ, ಎಚ್ಚರ ಇದ್ದೆ!” ನನ್ನ ದನಿ ಏರಿತು. ಮುಂದಿನ ಸೀಟಿನವರು ತಿರುಗಿ ನೋಡಿದರು. ಈ ಸಲ ನಾನು ತಗ್ಗಿಸಲಿಲ್ಲ. “ನಾಳೆ ಆ ಕೈ ಹೋತಂದ್ರ ಯಾರ್ನ ಕೇಳ್ಲಿ? ಗಿರಣೀನ ಕೇಳ್ಲೋ? ನನಗ ಅಂಜಿಕಿ ಬರ್ತೈತ್ರಿ. ದಿನಾ ಒಲಿ ಮುಂದ ಕುಂತು ಅಂಜಿ ಅಂಜಿ ಸಾಯಾಕ ಹತ್ತೀನಿ.”

ಅಳು ಬಂತು. ಬಸ್ಸಿನಲ್ಲಿ ಅತ್ತದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಯಲಬುರ್ಗಾ ಬಂದಾಗ ಅವರೇ ನನ್ನ ಚೀಲ ಹಿಡಿದುಕೊಂಡು ಇಳಿದರು.

ಮರುದಿನ ಮಿಸ್ತ್ರಿ ಬಂದು ಬೆಲ್ಟಿಗೆ ಜಾಲರಿ ಕೂಡಿಸಿಕೊಟ್ಟ. ಅದು ಆದ ಮೇಲೆಯೇ ನಾನು ಗಿರಣಿಗೆ ಕೂತದ್ದು. ಅವರು ತಮ್ಮ ಹಗ್ಗದ ಹೊರಸನ್ನು ಒಳಗೆ ಗೋಡೆಯ ಆಚೆ ಹಾಕಿಕೊಂಡರು. ಗುಳಿಗೆ ಬಿಟ್ಟ ಮೊದಲಲ್ಲಿ ಸೀನಿನ ಅಬ್ಬರ ನೋಡಬೇಕು, ಮೋಟರಿನ ಸದ್ದನ್ನೂ ಮೀರಿಸುತ್ತಿತ್ತು. ಸೀನಿ ಸೀನಿ ದಣಿದು ಮಲಗುತ್ತಿದ್ದರು. ಬೆಳಿಗ್ಗೆ ಮಲಗಿದವರು ಊಟಕ್ಕೆ ಎಬ್ಬಿಸಿದರೆ ಎದ್ದು, ಉಂಡು, ಮತ್ತೆ ಮಲಗುತ್ತಿದ್ದರು. ಇಷ್ಟು ನಿದ್ದೆ ಈ ಮನುಷ್ಯನ ಮೈಯಲ್ಲಿ ಎಲ್ಲಿತ್ತು ಎಂದು ನನಗೆ ಮತ್ತೆ ದಿಗಿಲು. ಗುಳಿಗೆಯದು ಅಲ್ಲವೇನೋ ಇದು? ಬೇರೆ ಏನಾದರೂ ಇದ್ದರೆ? ಗಿರಣಿ ಇನ್ನು ಇವರಿಗೆ ಇಲ್ಲವೇ ಇಲ್ಲವೇ?

ಆಗ ನನಗೆ ಒಂದು ಅಳತೆ ಹೊಳೆಯಿತು. ಡಬ್ಬ ಖಾಲಿಯಾಗುತ್ತ ಬಂದು ಸದ್ದು ಏರಿದಾಗ ನಾನು ಚಕ್ರದ ಮೇಲೆ ಕೈ ಇಟ್ಟುಕೊಂಡು, ಕೊನೆಯ ಕ್ಷಣದ ತನಕ ತಿರುಗಿಸದೆ, ಗೋಡೆಯ ಆಚೆಗೆ ಕಿವಿ ಕೊಡುತ್ತಿದ್ದೆ. ಇವರು ಒಮ್ಮೆ ಕೆಮ್ಮಿಯಾರೇ? ಹೊರಸಾದರೂ ಕಿರ್ರೆಂದೀತೇ? ಏನೂ ಇಲ್ಲ. ಕಲ್ಲು ಬಿಡಿಸಿ ಮುಂದಿನವರ ಕಾಳು ಸುರಿಯುತ್ತಿದ್ದೆ. ಮತ್ತೆ ಕಾಯುತ್ತಿದ್ದೆ. ಪ್ರತಿ ಡಬ್ಬಕ್ಕೂ ಒಮ್ಮೆ ಆಸೆ, ಒಮ್ಮೆ ನಿರಾಸೆ. ಅವರಿಗೆ ಇದನ್ನು ಹೇಳಲಿಲ್ಲ. ಮತ್ತೊಮ್ಮೆ ಪರೀಕ್ಷೆ ಅಂದಾರು ಎಂಬ ಅಂಜಿಕೆ.

ಹೀಗೇ ದಿನಗಳು ಹೋದವು. ಮನೆಗೆಲಸ, ಗಿರಣಿ, ಕಾಯುವುದು. ನನ್ನ ಮೈ ಹಣ್ಣಾಯಿತು. ಒಂದು ಮಧ್ಯಾಹ್ನದ ಹೊತ್ತು, ಚಾಚಾನ ಮನೆಯ ಗೋಧಿ ಸುರಿದು ಸ್ಟೂಲಿನ ಮೇಲೆ ಕೂತು ಡಬ್ಬಕ್ಕೆ ಕೈ ಇಟ್ಟೆ. ಬಳೆಗಳು ಕಿಣಿಕಿಣಿ ಎನ್ನುತ್ತಿದ್ದವು. ಹಿಟ್ಟಿನ ಬಿಸಿ ಮುಖಕ್ಕೆ ಬರುತ್ತಿತ್ತು. ನಡುಕ ಕೈಯಿಂದ ಭುಜಕ್ಕೆ ಹತ್ತಿ, ಭುಜದಿಂದ ಬೆನ್ನಿಗೆ ಇಳಿಯಿತು. ಗೋಡೆ ಅಲ್ಲೇ ಇತ್ತು. ಸ್ವಲ್ಪ ಒರಗಿದೆ.

“ಏ ಅಕ್ಕೋರಾ! ಕಾಳು ಮುಗೀತು! ಕಲ್ಲ ಬಿಡಸ್ರಿ, ಕಲ್ಲು!”

ಗೋಡೆಯ ಆಚೆಯಿಂದ ಬಂದ ಕೂಗಿಗೆ ನಾನು ಬೆಚ್ಚಿ ಎದ್ದು ಚಕ್ರ ತಿರುಗಿಸಿದೆ. ಕಲ್ಲು ಕಲ್ಲಿಗೆ ತಾಗುವುದರೊಳಗೆ ಬಿಟ್ಟಿತು. ವಾಸನೆ ಇಲ್ಲ, ಕಿಡಿ ಇಲ್ಲ. ಆಮೇಲೆ ತಿಳಿಯಿತು, ಕೂಗಿದ್ದು ಅವರು. ಹೊರಸಿನ ಮೇಲೆ ಮಲಗಿದ್ದಲ್ಲಿಂದಲೇ ಅವರಿಗೆ ಸದ್ದು ಏರಿದ್ದು ಕೇಳಿಸಿತ್ತು. ಎಷ್ಟು ಡಬ್ಬಗಳಿಂದ ಕಾಯುತ್ತಿದ್ದೆನೋ ಅದು ಬಂದಾಗ ನಾನೇ ಎಚ್ಚರ ಇರಲಿಲ್ಲ.

ಅವರು ಬಾಗಿಲಿಗೆ ಬಂದು ನಿಂತರು. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು, ಕಣ್ಣು ಮಾತ್ರ ಕಾಣುತ್ತಿದ್ದವು. ಆ ಕಣ್ಣುಗಳಲ್ಲಿ ಮಂಪರು ಇರಲಿಲ್ಲ. ನನ್ನ ಕೆನ್ನೆಯ ಮೇಲೆ ಗೋಡೆಯ ಸುಣ್ಣ ಮೆತ್ತಿದ್ದನ್ನು ಅವರು ನೋಡಿದರು.

“ಮಕ್ಕೊಂಡಿದ್ದಿ ಏನು?”

“ಇಲ್ರಿ,” ಎಂದೆ. “ಕಣ್ಣ ಮುಚ್ಚಿದ್ದೆ ಅಷ್ಟ. ಎಚ್ಚರ ಇದ್ದೆ.”